ಒಪ್ಪೋಲೆ ಕಳುಹಿಸಿದ ಹುಡುಗರು

ಹಳೆಯ ಕನ್ನಡ ಪುಸ್ತಕಗಳನ್ನು ಹುಡುಕಿ ಕೊಳ್ಳುವ ಚಪಲವುಳ್ಳವರಿಗೆ ಒಪ್ಪೋಲೆಯ ಪರಿಚಯ ಇದ್ದೇ ಇರುತ್ತದೆ. ಪುಸ್ತಕದ ಕೊನೆಗೆ ಅಂಟಿಸಿದ ಒಂದು ಸಣ್ಣ ಹಾಳೆ. ಇಂಥ ಪುಟ, ಇಂಥ ಸಾಲು, ಅಲ್ಲಿ ಬಿದ್ದಿರುವ ತಪ್ಪು ಇದು, ಇರಬೇಕಾದ ಒಪ್ಪು ಇದು ಎಂದು ಒಂದು ಪಟ್ಟಿ. ಮುದ್ರಣ ಬರುವುದಕ್ಕೆ ಮುಂಚೆ, ಓಲೆಗರಿಯ ಕಾಲದಲ್ಲಿ, ಲಿಪಿಕಾರರು ಪ್ರತಿಯನ್ನು ಮುಗಿಸಿ, ತಪ್ಪಿದ್ದರೆ ಬಲ್ಲವರು ತಿದ್ದಿ ಓದಿಕೊಳ್ಳಬೇಕೆಂದು ವಿನಯದಿಂದ ಬರೆಯುತ್ತಿದ್ದುದುಂಟು. ನನಗೆ ಎಂ.ಎ.ಯಲ್ಲಿ ಪಾಠ ಹೇಳಿದ ಗುರುಗಳೊಬ್ಬರು ಹೊಸ ಪುಸ್ತಕ ಕೈಗೆ ಬಂದೊಡನೆ ಒಪ್ಪೋಲೆಯನ್ನು ಮುಂದಿಟ್ಟುಕೊಂಡು, ಪೆನ್ಸಿಲಿನಿಂದ ಅಷ್ಟನ್ನೂ ಒಳಗೆ ತಿದ್ದಿಕೊಂಡು, ಆಮೇಲೆ ಓದಲು ತೊಡಗುತ್ತಿದ್ದರು. ಅಷ್ಟು ಶ್ರದ್ಧೆ ನನಗೆ ಬರಲಿಲ್ಲ. ಆದರೆ ಒಪ್ಪೋಲೆಯ ಮಾತು ಈಚೆಗೆ ನನ್ನನ್ನು ಬಹುದೂರದ ಒಂದು ಚರಿತ್ರೆಯತ್ತ ಎಳೆದೊಯ್ದಿತು. ಅದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಇದಕ್ಕೆ ನಿಮಿತ್ತನಾದವನು ನನ್ನ ಕನ್ನಡ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುವ ಬಿ.ಎಸ್‌ಸಿ. ವಿದ್ಯಾರ್ಥಿ. ಒಂದು ಮಧ್ಯಾಹ್ನ ಅಧ್ಯಾಪಕರ ಕೊಠಡಿಗೆ ಬಂದು ತನ್ನ ಲ್ಯಾಪ್‌ಟಾಪನ್ನು ತೆರೆದಿಟ್ಟ. ಕನ್ನಡಕ್ಕೆ ಅನುವಾದಗೊಂಡ ಯಾವುದೋ ಒಂದು ತಂತ್ರಾಂಶ.

“ಸರ್, ಇಲ್ಲಿ ಎರಡು ಗುಂಡಿಗೂ ‘ರದ್ದುಗೊಳಿಸು’ ಅಂತಾನೇ ಇದೆ. ಒಂದನ್ನ ಒತ್ತಿದ್ರೆ ಈಗ ತಾನೆ ಮಾಡಿದ್ದು ಮೊದಲಿನ ಹಾಗೆ ಆಗತ್ತೆ. ಇನ್ನೊಂದನ್ನ ಒತ್ತಿದ್ರೆ ಕೆಲಸಾನೇ ನಿಂತುಹೋಗತ್ತೆ. ಓದೋರಿಗೆ ಗೊತ್ತಾಗೋದು ಹೇಗೆ?”

ಅವನ ಆಕ್ಷೇಪ ನ್ಯಾಯವಾಗಿತ್ತು. “ಅದನ್ನು ಮಾಡಿದ ಕಂಪನಿಗೆ ಬರೆಯಪ್ಪ” ಎಂದೆ.

“ಇದಕ್ಕೆ ಕಂಪನಿ ಇಲ್ಲ ಸರ್. ಇದು ಸ್ವತಂತ್ರ ತಂತ್ರಾಂಶ. ಯಾರು ಬೇಕಾದ್ರೂ ತಿದ್ದಿ ಕಳಿಸಬಹುದು. ಸರಿ ಅನ್ನಿಸಿದ್ರೆ ಅವರು ಸೇರಿಸ್ಕೋತಾರೆ.”

ಇಬ್ಬರೂ ಕುಳಿತು ಹುಡುಕಿದೆವು. ಅಂಥ ದೋಷಗಳು ನಲವತ್ತು ಸಿಕ್ಕಿದುವು. ಹುಡುಗ ಒಂದನ್ನು ಮೊದಲು ಕಳಿಸಿ ನೋಡುತ್ತೇನೆಂದ. ನಾನು ನಲವತ್ತನ್ನೂ ಒಟ್ಟಿಗೆ ಕಳಿಸೆಂದೆ. ನನ್ನ ಸಲಹೆಯ ಫಲವೇನಾಯಿತೆಂಬುದನ್ನು ಆಮೇಲೆ ಹೇಳುತ್ತೇನೆ. ಅಂದು ರಾತ್ರಿ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಯಾರೋ ಬರೆದುದನ್ನು ಯಾವ ಊರಿನ ಯಾವ ವಿದ್ಯಾರ್ಥಿಯಾದರೂ ತಿದ್ದಬಹುದು, ಆ ತಿದ್ದುಪಡಿ ಮೂಲದಲ್ಲೇ ಸೇರಿಹೋಗುತ್ತದೆ ಎಂಬ ಈ ವಿಚಿತ್ರ ಸಂಪ್ರದಾಯ ಎಲ್ಲಿ, ಎಂದು, ಹೇಗೆ ಹುಟ್ಟಿತು?

ತಂತ್ರಾಂಶವೂ ಮನುಷ್ಯರು ಬರೆದ ಗ್ರಂಥವೇ. ಬರೆಯುವುದು ಬಲ್ಲವರು ಓದಬಹುದಾದ ಒಂದು ಭಾಷೆಯಲ್ಲಿ. ಆಮೇಲೆ ಅದನ್ನು ಯಂತ್ರಕ್ಕೆ ಮಾತ್ರ ತಿಳಿಯುವ ಅಂಕೆಗಳಿಗೆ ಇಳಿಸುತ್ತಾರೆ. ಮಾರುವವರು ಇಳಿಸಿದ ಪ್ರತಿಯನ್ನಷ್ಟೇ ಕೊಟ್ಟು ಮೂಲವನ್ನು ತಮ್ಮ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ, ಕೊಂಡವನಿಗೆ ತಪ್ಪು ಕಂಡರೂ ತಿದ್ದುವ ದಾರಿಯಿಲ್ಲ. ಅಮೆರಿಕದ ಎಂ.ಐ.ಟಿ.ಯ ಕೃತಕ ಬುದ್ಧಿಮತ್ತೆಯ ಪ್ರಯೋಗಶಾಲೆಯಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ನನಿಗೆ ೧೯೮೦ರ ಸುಮಾರಿಗೆ ಈ ಅನುಭವವಾಯಿತು. ಹಳೆಯ ಮುದ್ರಣಯಂತ್ರದಲ್ಲಿ ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರಿಗೆ ಸುದ್ದಿ ಹೋಗುವಂತೆ ಅವನು ಅದರ ತಂತ್ರಾಂಶವನ್ನು ತಿದ್ದಿದ್ದ. ಹೊಸ ಯಂತ್ರ ಬಂದಾಗ ಅದರ ಮೂಲ ಸಿಕ್ಕಲಿಲ್ಲ. ಬೇರೊಂದು ವಿಶ್ವವಿದ್ಯಾನಿಲಯದಲ್ಲಿ ಅದನ್ನು ಇಟ್ಟುಕೊಂಡಿದ್ದವರನ್ನು ಕೇಳಿದರೆ, ಯಾರಿಗೂ ಕೊಡುವುದಿಲ್ಲವೆಂದು ಕರಾರು ಬರೆದುಕೊಟ್ಟಿದ್ದೇನೆ ಎಂಬ ಉತ್ತರ ಬಂತು. ಆ ಕಹಿ ಅವನಲ್ಲಿ ಬೆಳೆಯುತ್ತ ಹೋಗಿ, ೧೯೮೩ರ ಸೆಪ್ಟೆಂಬರಿನಲ್ಲಿ ‘ಗ್ನೂ’ ಎಂಬ ಯೋಜನೆಯನ್ನು ಸಾರಿದ; ಮುಂದಿನ ಜನವರಿಯಲ್ಲಿ ಕೆಲಸವನ್ನೂ ಬಿಟ್ಟ. ಓದಲು, ತಿದ್ದಲು, ಹಂಚಲು ಎಲ್ಲರಿಗೂ ಹಕ್ಕಿರುವ, ಹಾಗೆ ಹಂಚಿದವನು ಆ ಹಕ್ಕನ್ನು ಮುಂದಿನವನಿಂದ ಕಸಿಯಲಾಗದ ಒಂದು ಪರವಾನಿಗೆಯನ್ನು ೧೯೮೯ರಲ್ಲಿ ಹೊರಡಿಸಿದ. ಕಾಪಿರೈಟಿನ ಕಾನೂನನ್ನೇ ತಿರುಗಿಸಿ ಹಿಡಿದು ಕಾಪಿರೈಟಿಗೆ ಅಡ್ಡ ನಿಲ್ಲಿಸಿದ ಚಾತುರ್ಯ ಅದು.

ಈ ಕಥೆ ನನ್ನನ್ನು ತಟ್ಟಲು ಸ್ವಂತದ ಕಾರಣವೊಂದುಂಟು. ಇಪ್ಪತ್ತು ವರ್ಷಗಳ ಹಿಂದೆ ನನ್ನ ಲೇಖನಗಳನ್ನು ಒಬ್ಬರ ಅಂಗಡಿಯಲ್ಲಿ ಅಕ್ಷರ ಜೋಡಿಸಿ ಇಟ್ಟಿದ್ದೆ. ಅವರು ಬಳಸುತ್ತಿದ್ದ ಅಕ್ಷರಶೈಲಿ ಕನ್ನಡದ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಬಚ್ಚಿಟ್ಟ ಬಗೆಯದು. ಆ ಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ ಹರಿಹರನ ರಗಳೆಗಳ ಮೇಲಿನ ನನ್ನ ಪ್ರಬಂಧ ಪ್ರಶ್ನಾರ್ಥಕ ಚಿಹ್ನೆ, ಆವರಣ, ಅಲ್ಪವಿರಾಮಗಳ ಸಂತೆಯಾಗಿ ಕಾಣುತ್ತದೆ. ಅಂಗಡಿ ಮುಚ್ಚಿತು, ಶೈಲಿ ಮಾಡಿದವರನ್ನು ವಿಚಾರಿಸಿದಾಗ ಅದು ಈಗ ಚಾಲ್ತಿಯಲ್ಲಿಲ್ಲವೆಂದರು. ಬರೆದವನು ನಾನು, ಓದಲಾರದವನೂ ನಾನೇ.

ಇರಲಿ. ಹಕ್ಕು ಬಂದ ಮಾತ್ರಕ್ಕೆ ವಿದ್ಯಾರ್ಥಿಗಳ ಗುಂಪು ಬರಲಿಲ್ಲ. ಅದಕ್ಕೆ ಇನ್ನೊಂದು ಸನ್ನಿವೇಶ ಕೂಡಿಬರಬೇಕಾಗಿತ್ತು.

ಆಮ್‌ಸ್ಟರ್‌ಡಾಮಿನ ವ್ರೈ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಆಂಡ್ರ್ಯೂ ಟ್ಯಾನೆನ್‌ಬಾಮ್, ಕಂಪ್ಯೂಟರಿನ ಸಮಸ್ತ ವ್ಯವಹಾರವನ್ನೂ ನಡೆಸುವ ಆಪರೇಟಿಂಗ್ ಸಿಸ್ಟಂ ಎಂಬ ತಂತ್ರಾಂಶವನ್ನು ಕುರಿತು ೧೯೮೭ರಲ್ಲಿ ಒಂದು ಪಠ್ಯಪುಸ್ತಕ ಬರೆದರು. ಉದಾಹರಣೆಗಾಗಿ ‘ಮಿನಿಕ್ಸ್’ ಎಂಬ ಪುಟ್ಟ ವ್ಯವಸ್ಥೆಯನ್ನು ತಾವೇ ರಚಿಸಿ ಅದರ ಮೂಲವನ್ನೂ ಓದುಗರಿಗೆ ಒದಗಿಸಿದರು. ನೂರಾರು ಜನ ಅದನ್ನು ಓದಿದರು. ಓದಿದವರಿಗೆ ತಿದ್ದುವ ಆಸೆ ಹುಟ್ಟದೆ ಇರುತ್ತದೆಯೆ? ಆದರೆ ಪ್ರಾಧ್ಯಾಪಕರು, ಇದು ಪಾಠಕ್ಕಾಗಿ ಮಾಡಿದುದು, ಚಿಕ್ಕದಾಗಿಯೇ ಇರಬೇಕು ಎಂದು ಹೆಚ್ಚಿನದನ್ನೆಲ್ಲ ತಡೆದರು. ಅಧ್ಯಾಪಕನಾಗಿ ನನಗೆ ಅವರ ಕಷ್ಟ ಅರ್ಥವಾಗುತ್ತದೆ. ಪಠ್ಯ ಉಬ್ಬಿದರೆ ವರ್ಷದೊಳಗೆ ಮುಗಿಸುವುದು ಹೇಗೆ? ಪರವಾನಿಗೆಯೂ ತಿದ್ದಿದ ಮಿನಿಕ್ಸನ್ನು ಹಂಚಲು ಬಿಡುತ್ತಿರಲಿಲ್ಲ. ಆಸ್ಟ್ರೇಲಿಯದ ಬ್ರೂಸ್ ಇವಾನ್ಸ್ ಎಂಬವರು ಅದನ್ನು ಆಗ ಹೊಸದಾಗಿದ್ದ ೩೮೬ ಯಂತ್ರಕ್ಕೆ ಒಗ್ಗಿಸಿದಾಗ, ಹಂಚಲಾದದ್ದು ತಿದ್ದುಪಡಿಗಳ ಪಟ್ಟಿಯನ್ನು ಮಾತ್ರ. ಕೊಂಡವರು ಒಬ್ಬೊಬ್ಬರೂ ಆ ಪಟ್ಟಿಯನ್ನು ತಂದು ತಮ್ಮ ತಮ್ಮ ಪ್ರತಿಗೆ ಸೇರಿಸಿಕೊಳ್ಳಬೇಕು. ನನ್ನ ಗುರುಗಳು ಪೆನ್ಸಿಲ್ ಹಿಡಿದು ಕೂತಂತೆ! ಒಪ್ಪೋಲೆಯೇನೋ ಇದೆ, ಆದರೆ ಅದು ಪುಸ್ತಕದೊಳಕ್ಕೆ ಎಂದೂ ಹೋಗುವುದಿಲ್ಲ.

ಈ ಪಟ್ಟಿಗಳಿಗೆ ಆ ಜಗತ್ತಿನಲ್ಲಿ ‘ಪ್ಯಾಚ್’, ಅಂದರೆ ತೇಪೆ, ಎಂದು ಹೆಸರು. ಹಳೆಯ ಪಾಠ, ಹೊಸ ಪಾಠ ಎರಡನ್ನೂ ಹೋಲಿಸಿ ವ್ಯತ್ಯಾಸವಿರುವ ಸಾಲುಗಳನ್ನಷ್ಟೇ ಹೆಕ್ಕಿಕೊಡುವ ತಂತ್ರಾಂಶ ಮೊದಲೇ ಇತ್ತು. ಆ ಸಾಲುಗಳನ್ನು ಮತ್ತೊಬ್ಬರ ಪ್ರತಿಯಲ್ಲಿ ತಾನಾಗಿ ಹೊಲಿಯುವ ಸಾಧನವನ್ನು ೧೯೮೫ರಲ್ಲಿ ಬರೆದವನು ಲ್ಯಾರಿ ವಾಲ್. ಇವನು ಭಾಷಾಶಾಸ್ತ್ರ ಓದಿದವನು, ಲಿಪಿಯಿಲ್ಲದ ಭಾಷೆಗಳ ನಡುವೆ ಕೆಲಸಮಾಡಬೇಕೆಂದು ಹೊರಟಿದ್ದವನು ಎಂದು ಓದಿ, ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಜೋಡಿಸುವ ನಮ್ಮ ಗ್ರಂಥಸಂಪಾದಕರ ಕುಲಕ್ಕೆ ಸೇರಿದವನೇ ಸರಿ ಎಂದು ನಾನು ಸಂತೋಷಪಟ್ಟೆ.

ಇನ್ನು ಹೆಲ್ಸಿಂಕಿಗೆ ಬರೋಣ. ಫಿನ್‌ಲೆಂಡಿನ ಆ ರಾಜಧಾನಿಯಲ್ಲಿ, ಸ್ವೀಡಿಷ್ ಮಾತನಾಡುವ ಅಲ್ಪಸಂಖ್ಯಾತರ ಮನೆಯಲ್ಲಿ, ೧೯೬೯ರ ಡಿಸೆಂಬರ್ ೨೮ರಂದು ಲೀನಸ್ ಟೋರ್ವಾಲ್ಡ್ಸ್ ಹುಟ್ಟಿದ. ತಾಯಿಯ ತಂದೆ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರು. ಅವರ ಪುಟ್ಟ ಕಂಪ್ಯೂಟರಿನ ಮೇಲೆ ಮೊಮ್ಮಗನ ಅಕ್ಷರಾಭ್ಯಾಸ. ೧೯೮೮ರಲ್ಲಿ ಅದೇ ವಿಶ್ವವಿದ್ಯಾನಿಲಯಕ್ಕೆ ಸೇರಿ, ನಡುವೆ ಕಡ್ಡಾಯ ಸೈನಿಕ ಸೇವೆ ಮುಗಿಸಿ ಬಂದು, ಟ್ಯಾನೆನ್‌ಬಾಮರ ಪುಸ್ತಕವನ್ನು ಓದಿದ. ೧೯೯೧ರ ಜನವರಿಯಲ್ಲಿ ಕಂತಿನ ಸಾಲದ ಮೇಲೆ ಒಂದು ೩೮೬ ಯಂತ್ರ ಕೊಂಡ. ಮಿನಿಕ್ಸನ್ನೂ ಇವಾನ್ಸರ ತೇಪೆಗಳನ್ನೂ ಹಾಕಿದ. ವಿಶ್ವವಿದ್ಯಾನಿಲಯದ ಕಂಪ್ಯೂಟರಿಗೆ ಮನೆಯಿಂದ ಟೆಲಿಫೋನ್ ತಂತಿಯ ಮೂಲಕ ಮಾತನಾಡುವುದಕ್ಕೆ ತಾನೇ ಒಂದು ತಂತ್ರಾಂಶ ಬರೆದುಕೊಂಡ. ಅದು ಬೆಳೆದು ಬೆಳೆದು, ತಾನೊಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿದ್ದೇನೆಂದು ಅವನಿಗೇ ಹೊಳೆಯುವ ಹಂತಕ್ಕೆ ಬಂತು. ಒಮ್ಮೆ ಕೈತಪ್ಪಿ ಟೆಲಿಫೋನಿಗೆ ಹೋಗಬೇಕಾದ ಅಪ್ಪಣೆಗಳನ್ನು ಡಿಸ್ಕಿನ ಮೇಲೆಯೇ ಬರೆದು, ಮಿನಿಕ್ಸ್ ಅಳಿಸಿಹೋಯಿತಂತೆ. ಮತ್ತೆ ಅದನ್ನು ಹಾಕುವ ಬದಲು ತನ್ನದನ್ನೇ ಪೂರ್ತಿಗೊಳಿಸಲು ನಿಶ್ಚಯಿಸಿದ.

೧೯೯೧ರ ಆಗಸ್ಟ್ ೨೫ರಂದು ಮಿನಿಕ್ಸ್ ಬಳಸುವವರ ಸುದ್ದಿಬಳಗಕ್ಕೆ ಒಂದು ಪತ್ರ ಬರೆದ. ಇದು ಬರಿಯ ಹವ್ಯಾಸ, ದೊಡ್ಡದೇನೂ ಆಗುವುದಿಲ್ಲ, ನಿಮಗೆ ಮಿನಿಕ್ಸಿನಲ್ಲಿ ಏನು ಹಿಡಿಸುತ್ತದೆ ಏನು ಹಿಡಿಸುವುದಿಲ್ಲ ಹೇಳಿ ಎಂಬುದು ಅದರ ಸಾರಾಂಶ. ಸೆಪ್ಟೆಂಬರಿನಲ್ಲಿ ಸುಮಾರು ೧೦,೦೦೦ ಸಾಲುಗಳ ಮೊದಲ ಪ್ರತಿ ಹೊರಬಂತು. ಅವನು ಇಡಬೇಕೆಂದಿದ್ದ ಹೆಸರು ‘ಫ್ರೀಕ್ಸ್’. ಜಾಗ ಕೊಟ್ಟ ಗೆಳೆಯ ಆರಿ ಲೆಮ್ಕೆ ತನ್ನಷ್ಟಕ್ಕೇ ‘ಲಿನಕ್ಸ್’ ಎಂದು ನಾಮಕರಣ ಮಾಡಿಬಿಟ್ಟ.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಈ ಚರಿತ್ರೆಯನ್ನು ಹೇಳುವವರೆಲ್ಲ ಟೋರ್ವಾಲ್ಡ್ಸನ ಪ್ರತಿಭೆಯನ್ನು ಕೊಂಡಾಡಿ ಮುಂದೆ ಹೋಗಿಬಿಡುತ್ತಾರೆ. ನನ್ನ ಕಣ್ಣು ಹೋದದ್ದು ಅವನ ಸಹಪಾಠಿಯ ಕಡೆಗೆ. ಲಾರ್ಸ್ ವಿರ್ಜೇನಿಯಸ್ ಎಂಬ, ಅದೇ ವಿಭಾಗದ, ಸ್ವೀಡಿಷ್ ಮಾತಿನವನೇ ಆದ ಇನ್ನೊಬ್ಬ ಹುಡುಗ. ಸಂಖ್ಯೆಗಳನ್ನೂ ಮಾತುಗಳನ್ನೂ ಹೊಂದಿಸಿ ತೆರೆಯ ಮೇಲೆ ಬರೆಯಲು ಬೇಕಾದ ಒಂದು ಸಣ್ಣ ಭಾಗ ಲೀನಸನಿಗೆ ಬೇಕಿತ್ತು, ಲಾರ್ಸ್ ಬರೆದುಕೊಟ್ಟ. ಲೀನಸ್ ಅದನ್ನು ತನಗೆ ಬೇಕಾದಂತೆ ಬದಲಾಯಿಸಿಕೊಂಡು, ವಿರ್ಜೇನಿಯಸ್ ಎಲ್ಲ ಯಂತ್ರಗಳಿಗೂ ಒಗ್ಗುವಂತೆ ಬರೆದಿದ್ದ, ಟೋರ್ವಾಲ್ಡ್ಸ್ ಕೆಡಿಸಿದ ಎಂಬರ್ಥದ ಒಂದು ಟಿಪ್ಪಣಿಯನ್ನು ಕಡತದ ನೆತ್ತಿಯ ಮೇಲೆ ಬರೆದಿಟ್ಟ. ಅಲ್ಲಿರುವ ಮಾತು ನಾನು ಹೇಳಿದುದಕ್ಕಿಂತ ಒರಟು. ಈ ಪುಟಕ್ಕೆ ಒಗ್ಗದು. ಕಡತದ ನೆತ್ತಿಯ ಮೇಲೆ ಅದು ಹಾಗೆಯೇ ಉಳಿದುಬಂದಿದೆ. ಶಾಸನದ ಕೊನೆಯಲ್ಲಿ ಕಂಡರಿಸಿದ ಕಲ್ಲುಕುಟಿಗನ ಹೆಸರು ನಿಂತಂತೆ, ಒಬ್ಬ ವಿದ್ಯಾರ್ಥಿಯ ಸಣ್ಣ ಉಪಕಾರದ ನೆನಪು ನಿಂತಿದೆ.

ಹೊರಗಿನವರ ತಿದ್ದುಪಡಿಗಳೂ ಬರತೊಡಗಿದುವು. ಜರ್ಮನಿಯವನೊಬ್ಬ, ನನ್ನ ಯಂತ್ರದಲ್ಲಿ ನೆನಪಿನ ಸ್ಥಳ ಬರಿಯ ೨ ಮೆಗಾಬೈಟ್, ನಿನ್ನ ಲಿನಕ್ಸ್ ಇದರಲ್ಲಿ ಹಿಡಿಸುವುದಿಲ್ಲ ಎಂದು ಬರೆದ. ಲೀನಸ್ ಆ ವರ್ಷದ ಕ್ರಿಸ್ಮಸ್ ರಜೆಯಲ್ಲಿ ಕೂತು, ನೆನಪು ಸಾಲದಾದಾಗ ಡಿಸ್ಕನ್ನು ಬಳಸುವ ಉಪಾಯವನ್ನು ಸೇರಿಸಿದ. ಮಿನಿಕ್ಸಿನಲ್ಲಿ ಅದು ಇರಲಿಲ್ಲ. ಹಣ ಕಳಿಸಲೆ ಎಂದು ಕೇಳಿದವರಿಗೆ, ಬೇಡ, ನಿಮ್ಮೂರಿನ ಚಿತ್ರವಿರುವ ಒಂದು ಕಾರ್ಡು ಹಾಕಿ ಎಂದ. ಮನೆಯ ಅಂಚೆ ಪೆಟ್ಟಿಗೆಯಲ್ಲಿ ದೇಶದೇಶದ ಕಾರ್ಡುಗಳು ಬಂದು ಬಿದ್ದಾಗ ತಂಗಿಗೆ, ಅಣ್ಣ ಒಳಗೆ ಕೂತು ಏನೋ ಮಾಡುತ್ತಿದ್ದಾನೆಂದು ತಿಳಿಯಿತಂತೆ. ೧೯೯೨ರ ಆರಂಭದಲ್ಲಿ, ಲಿನಕ್ಸನ್ನು ಹಣಕ್ಕೆ ಹಂಚಬಾರದೆಂಬ ತನ್ನ ಮೊದಲಿನ ಷರತ್ತನ್ನು ಬಿಟ್ಟು, ಸ್ಟಾಲ್‌ಮನ್ನನ ಪರವಾನಿಗೆಯನ್ನೇ ಸ್ವೀಕರಿಸಿದ. ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ತಿರುವು ಅದೇ. ಒಪ್ಪೋಲೆ ಈಗ ಪುಸ್ತಕದ ಹೊರಗೆ ಅಂಟಿಕೊಂಡು ನಿಲ್ಲಬೇಕಾಗಿರಲಿಲ್ಲ. ಇಂದು ಕಳಿಸಿದ ತಿದ್ದುಪಡಿ ಕೆಲವು ದಿನಗಳಲ್ಲೇ ಬರುವ ಮುಂದಿನ ಮುದ್ರಣದ ಮೈಯಲ್ಲೇ ಸೇರಿರುತ್ತಿತ್ತು. ಕಳಿಸಿದವನಿಗೆ ಇದಕ್ಕಿಂತ ದೊಡ್ಡ ಸಂಭಾವನೆ ಬೇಕೆ? ೧೯೯೪ರ ಮಾರ್ಚಿಯಲ್ಲಿ ಮೊದಲನೆಯ ಪೂರ್ಣ ಆವೃತ್ತಿ ಬಂದಾಗ ಸಾಲುಗಳು ೧,೭೦,೦೦೦ವನ್ನು ಮೀರಿದ್ದುವು. ಜೊತೆಯಲ್ಲಿ ಉಪಕಾರ ಮಾಡಿದವರ ಪಟ್ಟಿಯೊಂದಿತ್ತು. ಅದು ಮನೆತನದ ಹೆಸರಿನ ಅಕಾರಾದಿ ಕ್ರಮದಲ್ಲಿದೆ. ಟೋರ್ವಾಲ್ಡ್ಸ್ ಬರುವುದು ‘ಟಿ’ ಅಕ್ಷರದ ಸರದಿಯಲ್ಲಿ.

ವಿದ್ವಾಂಸರೆಲ್ಲ ಇದನ್ನು ಮೆಚ್ಚಿದರೆಂದಲ್ಲ. ೧೯೯೨ರ ಜನವರಿಯಲ್ಲಿ ಟ್ಯಾನೆನ್‌ಬಾಮರು ಎಲ್ಲರೂ ಓದುವಂತೆ, ಲಿನಕ್ಸಿನ ವಿನ್ಯಾಸವೇ ಹಳತಾದುದು, ನೀನು ನನ್ನ ವಿದ್ಯಾರ್ಥಿಯಲ್ಲದುದಕ್ಕೆ ಸಂತೋಷಪಡು, ಇಂಥದಕ್ಕೆ ನಾನು ಹೆಚ್ಚಿನ ಅಂಕ ಕೊಡುತ್ತಿರಲಿಲ್ಲ ಎಂಬ ಅಭಿಪ್ರಾಯ ಬರೆದರು. ಹುಡುಗ ಬಿಸಿಯಾಗಿಯೇ ಉತ್ತರ ಕೊಟ್ಟ. ಆಮೇಲೆ ಮಾತು ಮೀರಿತೆಂದು ಕ್ಷಮೆ ಕೇಳಿದ. ಶಾಸ್ತ್ರದ ದೃಷ್ಟಿಯಿಂದ ಪ್ರಾಧ್ಯಾಪಕರ ವಾದದಲ್ಲಿ ತಿರುಳಿತ್ತು. ಆದರೆ ೨೦೧೭ರ ನವೆಂಬರಿನಿಂದೀಚೆಗೆ ಜಗತ್ತಿನ ಅತಿವೇಗದ ಕಂಪ್ಯೂಟರುಗಳ ಪಟ್ಟಿಯಲ್ಲಿನ ಐನೂರೂ ಲಿನಕ್ಸಿನಿಂದಲೇ ನಡೆಯುತ್ತಿವೆ; ವಾಚಕರ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೂ ಅದೇ ಇದೆ.

ಹೆಲ್ಸಿಂಕಿಯ ದಾರಿಯನ್ನು ಇತರ ಊರುಗಳ ವಿದ್ಯಾರ್ಥಿಗಳೂ ಹಿಡಿದರು. ೧೯೯೩ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಇಯಾನ್ ಮರ್ಡಾಕ್, ತನ್ನ ಹೆಸರನ್ನೂ ಗೆಳತಿ ಡೆಬ್ರಾಳ ಹೆಸರನ್ನೂ ಬೆಸೆದು ‘ಡೆಬಿಯನ್’ ಆರಂಭಿಸಿದ. ೧೯೯೬ರಲ್ಲಿ ಜರ್ಮನಿಯ ಟ್ಯೂಬಿಂಗನ್ನಿನ ಮಥಿಯಾಸ್ ಎಟ್ರಿಶ್, ೧೯೯೭ರಲ್ಲಿ ಮೆಕ್ಸಿಕೋದ ಮಿಗೆಲ್ ದೆ ಇಕಾಸ ಮತ್ತು ಫೆಡೆರಿಕೊ ಮೆನಾ, ಸಾಮಾನ್ಯರೂ ಲಿನಕ್ಸನ್ನು ಬಳಸುವಂತೆ ಚಿತ್ರಮಯವಾದ ಹೊರಮೈಯನ್ನು ಕಟ್ಟಲು ತೊಡಗಿದರು. ೨೦೦೧ರಲ್ಲಿ ಲಿನಕ್ಸಿನ ಒಂದು ಶಾಖೆಯ ಮೇಲ್ವಿಚಾರಣೆಯನ್ನು ಇನ್ನೂ ಇಪ್ಪತ್ತು ತುಂಬದ ಬ್ರೆಜಿಲಿನ ಹುಡುಗ ಮಾರ್ಸೆಲೊ ತೊಸಾತಿಗೆ ಒಪ್ಪಿಸಿದರು.

ಇಷ್ಟೆಲ್ಲ ಓದಿದ ಮೇಲೆ ಒಂದು ಸಂಶಯ. ಇವರಿಗೆಲ್ಲ ಹೊತ್ತು ಎಲ್ಲಿಂದ ಬಂತು? ಟೋರ್ವಾಲ್ಡ್ಸ್ ಸ್ನಾತಕೋತ್ತರ ಪದವಿ ಮುಗಿಸಲು ಸುಮಾರು ಎಂಟು ವರ್ಷ ತೆಗೆದುಕೊಂಡ. ಪ್ರಬಂಧದ ವಿಷಯ ಲಿನಕ್ಸೇ. ಫಿನ್‌ಲೆಂಡಿನಲ್ಲಿ ಅವನಿಗೆ ಬೋಧನಾ ಶುಲ್ಕವಿರಲಿಲ್ಲ, ಇದ್ದದ್ದು ತಾಯಿಯ ಮನೆಯಲ್ಲಿ. ಬಿಟ್ಟಿಯಾಗಿ ಹಂಚಿದ ತಂತ್ರಾಂಶದ ಖರ್ಚನ್ನು ಒಂದು ಸರ್ಕಾರವೂ ಒಬ್ಬಳು ತಾಯಿಯೂ ಭರಿಸಿದ್ದರೆಂದು ಹೇಳಿದರೆ ತಪ್ಪಾಗದು. ನನ್ನ ತರಗತಿಯ ಹುಡುಗರು ಬೆಳಗಿನ ಬಸ್ಸು ಹಿಡಿದು ಬಂದು, ಕಿರುಪರೀಕ್ಷೆ ಬರೆದು, ಸಂಜೆ ಅಂಗಡಿಯಲ್ಲಿ ಲೆಕ್ಕ ಬರೆಯಲು ಹೋಗುವವರು. ಅವರನ್ನು, ನಿಮ್ಮಲ್ಲಿ ಒಬ್ಬ ಟೋರ್ವಾಲ್ಡ್ಸ್ ಏಕೆ ಹುಟ್ಟಲಿಲ್ಲ ಎಂದು ವಾರ್ಷಿಕೋತ್ಸವದ ವೇದಿಕೆಯಿಂದ ಕೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಈ ಮಾತನ್ನು ಸ್ವಲ್ಪಮಟ್ಟಿಗೆ ಅರಿತು ನಡೆದದ್ದು ೨೦೦೫ರಲ್ಲಿ ಗೂಗಲ್ ಸಂಸ್ಥೆ ತೊಡಗಿದ ಬೇಸಗೆಯ ಯೋಜನೆ. ರಜೆಯಲ್ಲಿ ಸ್ವತಂತ್ರ ತಂತ್ರಾಂಶಕ್ಕೆ ಕೆಲಸಮಾಡುವ ವಿದ್ಯಾರ್ಥಿಗೆ ಹಿರಿಯನೊಬ್ಬನ ಮಾರ್ಗದರ್ಶನ, ಜೊತೆಗೆ ೪,೫೦೦ ಡಾಲರ್ ವೇತನ. ಮೊದಲ ವರ್ಷ ಎಂಟು ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದುವು. ತೆಗೆದುಕೊಂಡದ್ದು ನಾಲ್ಕು ನೂರಕ್ಕೆ ಸ್ವಲ್ಪ ಮಿಕ್ಕಿ. ೨೦೨೨ರಿಂದ ವಿದ್ಯಾರ್ಥಿಗಳಲ್ಲದ ಹೊಸಬರಿಗೂ ಅವಕಾಶವಾಯಿತು. ಆ ಬೇಸಗೆ ಉತ್ತರದ ದೇಶಗಳದು. ಜೂನ್ ಕಳೆದರೆ ಇಲ್ಲಿ ಮಳೆ ಹಿಡಿದು ಕಾಲೇಜು ಶುರುವಾಗಿರುತ್ತದೆ. ನಮ್ಮವರು ಪಾಠದ ನಡುವೆಯೇ ಆ ಬೇಸಗೆಯನ್ನು ಕಳೆಯಬೇಕು. ಹಾಗಿದ್ದೂ ಮೊದಲ ಹತ್ತು ವರ್ಷಗಳಲ್ಲಿ ಅತಿ ಹೆಚ್ಚು ಮಂದಿಯನ್ನು ಕಳಿಸಿದ್ದು ಅಮೆರಿಕದ ಯಾವ ಹೆಸರಾಂತ ಸಂಸ್ಥೆಯೂ ಅಲ್ಲ. ನಮ್ಮ ನೆರೆಯ ಶ್ರೀಲಂಕದ ಮೊರಟುವ ವಿಶ್ವವಿದ್ಯಾನಿಲಯ! ಅಲ್ಲಿ ನೆಲ ಹದವಾಗಿತ್ತು. ಸಂಜೀವ ವೀರವರಣ ಮೊದಲಾದವರು ೨೦೦೩ರಲ್ಲೇ ಸ್ವತಂತ್ರ ತಂತ್ರಾಂಶಕ್ಕಾಗಿ ಒಂದು ಪ್ರತಿಷ್ಠಾನ ಕಟ್ಟಿದ್ದರು. ೨೦೦೪ರ ಡಿಸೆಂಬರಿನ ಸುನಾಮಿ ಬಡಿದಾಗ ಅಲ್ಲಿನ ಸ್ವಯಂಸೇವಕರು, ಕಾಣೆಯಾದವರನ್ನು ಹುಡುಕಲು, ಶಿಬಿರಗಳ ಲೆಕ್ಕವಿಡಲು, ‘ಸಹನ’ ಎಂಬ ತಂತ್ರಾಂಶವನ್ನು ಅವಸರದಲ್ಲಿ ಬರೆದರು. ಮುಂದೆ ಬೇರೆ ದೇಶಗಳ ವಿಪತ್ತುಗಳಲ್ಲೂ ಅದು ಬಳಕೆಗೆ ಬಂತು.

ನಮ್ಮ ಬೆಂಗಳೂರಿನಲ್ಲಿ ೨೦೦೧ರಲ್ಲಿ ಲಿನಕ್ಸ್ ಸಮ್ಮೇಳನವೊಂದು ಆರಂಭವಾಗಿ, ೨೦೦೫ರಲ್ಲಿ ‘ಫಾಸ್ ಡಾಟ್ ಇನ್’ ಎಂಬ ಹೆಸರು ತಳೆದು, ೨೦೧೨ರವರೆಗೆ ನಡೆಯಿತು. ಅದರ ಮುಂದಾಳು ಅತುಲ್ ಚಿಟ್ನಿಸ್, ಬಳಸುವವರು ಬೇಕಾದಷ್ಟಿದ್ದಾರೆ, ಕೊಡುವವರು ಬೇಕು ಎಂದು ಹಟ ಹಿಡಿದವರು. ೨೦೦೮ರ ಹೊತ್ತಿಗೆ ಭಾಷಣಗಳನ್ನು ಕಡಿಮೆಮಾಡಿ, ಕೂತು ಕೆಲಸಮಾಡುವ ಗೋಷ್ಠಿಗಳಿಗೆ ಜಾಗ ಕೊಟ್ಟರು. ೨೦೧೩ರಲ್ಲಿ ತೀರಿಕೊಂಡರು. ಭಾಷಣ ಕಡಿಮೆಯಾದ ಸಮ್ಮೇಳನವೆಂದರೆ ಸಾಹಿತ್ಯದವರಾದ ನಮಗೆ ನಂಬಲು ಕಷ್ಟ.

ಇನ್ನು ನನ್ನ ಹುಡುಗನ ನಲವತ್ತು ತಿದ್ದುಪಡಿಗಳು. ಒಟ್ಟಿಗೆ ಕಳಿಸೆಂದು ಹೇಳಿದ್ದಲ್ಲದೆ, ಅನುವಾದದ ಧರ್ಮಸೂಕ್ಷ್ಮವನ್ನು ಕುರಿತು ಎರಡು ಪುಟದ ಪೀಠಿಕೆಯನ್ನೂ ನಾನೇ ಬರೆದುಕೊಟ್ಟಿದ್ದೆ. ಹನ್ನೊಂದು ದಿನ ಉತ್ತರವಿಲ್ಲ. ಹನ್ನೆರಡನೆಯ ದಿನ ನಾಲ್ಕು ಸಾಲು ಬಂದುವು: ನಲವತ್ತನ್ನು ಒಟ್ಟಿಗೆ ಪರಿಶೀಲಿಸಲಾಗದು, ಕೆಲವು ತಪ್ಪು ತಿದ್ದುವಂಥವು, ಕೆಲವು ಬರಿಯ ಅಭಿರುಚಿಯವು, ಬೇರೆಬೇರೆ ಮಾಡಿ ಕಳಿಸಿ, ಪೀಠಿಕೆ ಬೇಡ. ಬರೆದವರು ಸೌಜನ್ಯದಿಂದಲೇ ಬರೆದಿದ್ದರು. ಆದರೂ ಹುಡುಗನ ಮುಖ ಬಾಡಿತು. ಒಂದು ವಾರ ನನ್ನ ತರಗತಿಗೆ ಬರಲಿಲ್ಲ. ತನ್ನ ಹೆಸರಿನಲ್ಲಿ ಹೊರಗಿನ ಜಗತ್ತಿಗೆ ಅವನು ಕಳಿಸಿದ ಮೊದಲ ಬರವಣಿಗೆ ಅದು. ನನ್ನ ವಿದ್ವತ್ತಿನ ಭಾರಕ್ಕೆ ಮುಳುಗಿತು. ಕೊನೆಗೆ ಗ್ರಂಥಾಲಯದ ಮೆಟ್ಟಿಲ ಮೇಲೆ ಹಿಡಿದು ನಿಲ್ಲಿಸಿ, ಧೈರ್ಯ ಹೇಳೋಣವೆಂದು ಟ್ಯಾನೆನ್‌ಬಾಮರ ಪ್ರಸಂಗವನ್ನು ವಿವರಿಸಿದೆ.

ಎಲ್ಲ ಕೇಳಿ, “ಅವನು ಪ್ರೊಫೆಸರ್ ಮಾತು ಕೇಳಲಿಲ್ಲ ಸರ್. ನಾನು ಕೇಳಿದೆ” ಎಂದ.

ನನಗೆ ಉತ್ತರ ತೋಚಲಿಲ್ಲ. ಅವನೇ ನಕ್ಕ. ಅಂದು ಸಂಜೆ ಒಂದೇ ಒಂದನ್ನು, ಆ ಎರಡು ಗುಂಡಿಗಳಲ್ಲಿ ಒಂದನ್ನು ‘ಹಿಂದಿನಂತೆ ಮಾಡು’ ಎಂದು ಬದಲಾಯಿಸಿ, ಏಕೆಂಬುದನ್ನು ಎರಡೇ ಸಾಲಿನಲ್ಲಿ ಬರೆದು ಕಳಿಸಿದ. ಮೂರನೆಯ ದಿನ ಸೇರಿತು. ಹೆಸರು ಪಟ್ಟಿಯಲ್ಲಿ ಬಂದಿದೆ. ಊರಿಗೆ ಹೋದಾಗ ಅವರಮ್ಮನಿಗೆ ಫೋನಿನಲ್ಲಿ ತೋರಿಸಿದನಂತೆ.

ಅಲ್ಲಿಂದೀಚೆಗೆ ಹದಿನೇಳು ಹೋಗಿವೆ. ಹದಿನೆಂಟನೆಯದರಲ್ಲಿ ನಮ್ಮಿಬ್ಬರಿಗೂ ಒಮ್ಮತವಿಲ್ಲ. ‘ಡೀಫಾಲ್ಟ್’ ಎಂಬುದಕ್ಕೆ ಅಲ್ಲಿ ‘ಪೂರ್ವನಿಯೋಜಿತ’ ಎಂದಿದೆ. ನನಗೆ ಅದು ಸಾಕು. ಅವನು, “ನಮ್ಮಜ್ಜಿಗೆ ಅರ್ಥ ಆಗಲ್ಲ ಸರ್” ಎನ್ನುತ್ತಾನೆ. ಅಜ್ಜಿಗೆ ‘ಡೀಫಾಲ್ಟ್’ ಅರ್ಥವಾಗುತ್ತದೆಯೆ ಎಂದು ಕೇಳಿದ್ದೇನೆ. ಭಾನುವಾರ ಊರಿಗೆ ಹೋಗಿ ವಿಚಾರಿಸಿಕೊಂಡು ಬರುವುದಾಗಿ ಹೇಳಿ ಹೋಗಿದ್ದಾನೆ.